ಬೆಳಕು ನುಡಿದ ಸಾಕ್ಷ್ಯ

ಹಂಪಿಯ ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ಅರಿಯದ ಕನ್ನಡಿಗರು ವಿರಳ. ಅಲ್ಲಿಗೆ ಹೋಗಿ ಕಂಡವರ ಮಾತು ಹಾಗಿರಲಿ, ಕಾಣದವರಿಗೂ ಅದರ ಪರಿಚಯವುಂಟು. 2017ರಲ್ಲಿ ಚಲಾವಣೆಗೆ ಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಆ ರಥದ ಚಿತ್ರವೇ ಅಚ್ಚಾಗಿದೆ. ಕಲ್ಲಿನ ಗಾಲಿಗಳು, ಕುಸುರಿ ಕೆಲಸದ ಕಂಬಗಳು, ಮುಂಭಾಗದಲ್ಲಿ ಎರಡು ಆನೆಗಳು, ಮೇಲೆ ಚಪ್ಪಟೆಯಾದ ಮಾಡು. ಇದೇ ಅದರ ಮೂಲರೂಪವೆಂದು ನೋಡಿದವರೆಲ್ಲ ಭಾವಿಸುವುದು ಸಹಜ. ಆದರೆ 1856ರಲ್ಲಿ ತೆಗೆದ ಒಂದು ಛಾಯಾಚಿತ್ರವು ಬೇರೆಯೇ ಸಂಗತಿಯನ್ನು ತಿಳಿಸುತ್ತದೆ. ಆ ಚಿತ್ರದಲ್ಲಿ ರಥದ ಮಾಡಿನ ಮೇಲೆ ಇಟ್ಟಿಗೆ ಮತ್ತು ಗಾರೆಗಳಿಂದ ಕಟ್ಟಿದ ಶಿಖರವೊಂದು ನಿಂತಿದೆ. ಆ ಶಿಖರ ಇಂದು ಇಲ್ಲ. ಅದು ಇದ್ದಿತೆಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಲು ಆ ಒಂದು ಹಾಳೆ ಉಳಿದಿದೆ.

ಕಲ್ಲು ಇಟ್ಟಿಗೆಗಳ ಕಟ್ಟಡವು ಮಾಯವಾಗಿ, ಅದರ ನೆರಳನ್ನು ಹಿಡಿದ ತೆಳುವಾದ ಕಾಗದವು ಉಳಿದುಕೊಂಡಿತು ಎಂಬುದು ಸೋಜಿಗದ ಸಂಗತಿ. ಈ ಸೋಜಿಗವನ್ನು ಬರಿಯ ಕಥೆಯಾಗಿ ಕೇಳದೆ, ಕಣ್ಣೆದುರಿಗೆ ಕಂಡು, ಪರೀಕ್ಷಿಸಿ, ಅರಿತುಕೊಳ್ಳುವ ಸ್ಥಳವೇ ಛಾಯಾಚಿತ್ರ ಪ್ರದರ್ಶನ.

ಛಾಯಾಗ್ರಹಣವು ಬಹಳ ಹಳೆಯ ವಿದ್ಯೆಯಲ್ಲ. 1839ರಲ್ಲಿ ಫ್ರಾನ್ಸ್ ದೇಶದ ದಗೇರ್ ಎಂಬಾತನ ವಿಧಾನವು ಬಹಿರಂಗವಾದಾಗ ಅದು ಲೋಕಕ್ಕೆ ಪರಿಚಯವಾಯಿತು. ಬೆಳ್ಳಿಯ ಲೇಪವಿರುವ ತಾಮ್ರದ ಫಲಕದ ಮೇಲೆ ಮೂಡುತ್ತಿದ್ದ ಆ ಚಿತ್ರಕ್ಕೆ ಪ್ರತಿಯನ್ನು ತೆಗೆಯಲು ಸಾಧ್ಯವಿರಲಿಲ್ಲ. ಇಂಗ್ಲೆಂಡಿನ ಟಾಲ್ಬಟ್ ಎಂಬ ವಿಜ್ಞಾನಿಯು 1841ರಲ್ಲಿ ಕಾಗದದ ಮೇಲೆ ನೆಗೆಟಿವ್ ಪಡೆಯುವ ತನ್ನ ಸುಧಾರಿತ ಕ್ರಮವನ್ನು ಪ್ರಕಟಿಸಿದನು. ನೆಗೆಟಿವ್‌ನಲ್ಲಿ ಬೆಳಕು ಕಪ್ಪಾಗಿಯೂ ನೆರಳು ಬಿಳಿಯಾಗಿಯೂ ತಿರುಗುಮುರುಗಾಗಿ ಕಾಣುತ್ತವೆ. ಅದರ ಕೆಳಗೆ ಮತ್ತೊಂದು ಲೇಪಿತ ಕಾಗದವನ್ನಿಟ್ಟು ಬಿಸಿಲಿಗೆ ಒಡ್ಡಿದರೆ ನೈಜವಾದ ಚಿತ್ರ ಮೂಡುತ್ತದೆ. ಹೀಗೆ ಒಂದು ನೆಗೆಟಿವ್‌ನಿಂದ ಅನೇಕ ಪ್ರತಿಗಳನ್ನು ಪಡೆಯುವ ಮಾರ್ಗ ತೆರೆಯಿತು. ಈ ವಿದ್ಯೆಯು ಭಾರತಕ್ಕೆ ಬರಲು ತಡವಾಗಲಿಲ್ಲ. 1854ರಲ್ಲಿ ಮುಂಬಯಿಯಲ್ಲಿಯೂ, 1856ರಲ್ಲಿ ಮದರಾಸು ಮತ್ತು ಕಲ್ಕತ್ತ ನಗರಗಳಲ್ಲಿಯೂ ಛಾಯಾಗ್ರಾಹಕರ ಸಂಘಗಳು ಸ್ಥಾಪನೆಗೊಂಡವು.

ಹಂಪಿಯ ಆ ಚಿತ್ರವನ್ನು ತೆಗೆದವನು ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್ಲಾ. ಅವನು ಅನುಸರಿಸಿದುದು ಮೇಣದ ಕಾಗದದ ವಿಧಾನ. ತೆಳುವಾದ ಕಾಗದಕ್ಕೆ ಮೇಣವನ್ನು ಹೀರಿಸಿದರೆ ಅದು ಬೆಳಕನ್ನು ಹಾಯಿಸುವಷ್ಟು ನವುರಾಗುತ್ತದೆ. ಅದನ್ನು ರಾಸಾಯನಿಕ ದ್ರಾವಣದಲ್ಲಿ ನೆನೆಸಿ, ಕತ್ತಲೆಯಲ್ಲಿ ಬೆಳ್ಳಿಯ ನೈಟ್ರೇಟಿನಿಂದ ತೊಯ್ಯಿಸಿ, ಬೆಳಕಿಗೆ ಸ್ಪಂದಿಸುವಂತೆ ಮಾಡಬೇಕು. ಗಾಜಿನ ಫಲಕಗಳನ್ನು ಬಳಸುವವರು ಲೇಪ ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಾಗಿತ್ತು. ಮೇಣದ ಕಾಗದವನ್ನಾದರೋ ಮುಂಚಿತವಾಗಿಯೇ ಸಿದ್ಧಪಡಿಸಿಟ್ಟುಕೊಂಡು ದೂರ ಪ್ರಯಾಣ ಮಾಡಬಹುದಾಗಿತ್ತು. ಬಿಸಿಲಿನ ನಾಡಿಗೆ ಈ ಗುಣವು ಬಹಳ ಉಪಯುಕ್ತವಾಯಿತು. ಆಗ ಚಿತ್ರವನ್ನು ಹಿಗ್ಗಿಸುವ ಅನುಕೂಲವಿರಲಿಲ್ಲವಾದುದರಿಂದ, ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ನೆಗೆಟಿವ್ ಬೇಕಾಗುತ್ತಿತ್ತು. ಗ್ರೀನ್ಲಾನ ನೆಗೆಟಿವ್‌ಗಳು ಒಂದು ಅಡಿಗಿಂತಲೂ ದೊಡ್ಡವು. ಅವುಗಳಿಗೆ ತಕ್ಕಂತಹ ಭಾರವಾದ ಮರದ ಕ್ಯಾಮೆರಾವನ್ನು ಹಂಪಿಯ ಬಂಡೆಗಳ ನಡುವೆ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಲು ಎಷ್ಟು ಶ್ರಮವಾಗಿರಬೇಕೆಂಬುದನ್ನು ಊಹಿಸಬಹುದು.

ಇಷ್ಟು ಶ್ರಮದಿಂದ ಪಡೆದ ಆ ಕಾಗದಗಳು ನೂರು ವರ್ಷಗಳಿಗಿಂತ ಹೆಚ್ಚು ಕಾಲ ವಿದ್ವಾಂಸರ ಕಣ್ಣಿಗೆ ಬೀಳದೆ ಉಳಿದಿದ್ದವು. ಅವು ಬೆಳಕಿಗೆ ಬಂದ ಮೇಲೆ, 1980ರ ದಶಕದಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಎಂಬವರು ಹಂಪಿಗೆ ಬಂದು, ಗ್ರೀನ್ಲಾ ನಿಂತಿದ್ದ ಸ್ಥಳಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರಗಳನ್ನು ತೆಗೆದರು. ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಕಾಲವು ಮಾಡಿದ ಕೆಲಸವು ತಾನೇತಾನಾಗಿ ಗೋಚರಿಸುತ್ತದೆ. ಒಂದರಲ್ಲಿರುವ ಗಾರೆಯ ಅಲಂಕಾರ ಮತ್ತೊಂದರಲ್ಲಿ ಕಾಣದು. ಒಂದರಲ್ಲಿ ಮುಚ್ಚಿಹೋಗಿದ್ದ ಭಾಗ ಮತ್ತೊಂದರಲ್ಲಿ ತೆರವಾಗಿದೆ. ಯಾವುದು ಪ್ರಾಚೀನ, ಯಾವುದು ಈಚಿನ ದುರಸ್ತಿ ಎಂದು ನಿರ್ಧರಿಸುವಾಗ ಪುರಾತತ್ವಜ್ಞರಿಗೆ ಇಂತಹ ಚಿತ್ರಗಳು ನೆರವಾಗುತ್ತವೆ. ಬಿಡಿಯಾಗಿ ನೋಡಿದಾಗ ಪ್ರತಿಯೊಂದೂ ಒಂದು ಸುಂದರ ದೃಶ್ಯ ಮಾತ್ರ. ಜೊತೆಯಾಗಿ ನೋಡಿದಾಗ ಅವು ಚರಿತ್ರೆಯ ದಾಖಲೆಗಳಾಗುತ್ತವೆ. ಚಿತ್ರಗಳನ್ನು ಹೀಗೆ ಅರ್ಥವತ್ತಾಗಿ ಒಂದರ ಪಕ್ಕದಲ್ಲಿ ಒಂದನ್ನು ಇರಿಸುವುದೇ ಪ್ರದರ್ಶನದ ಮುಖ್ಯ ಕಾರ್ಯ.

ಈ ಕಾಲದಲ್ಲಿ ಛಾಯಾಚಿತ್ರಗಳಿಗೆ ಬರವಿಲ್ಲ. ಕೈಯಲ್ಲಿ ಹಿಡಿಯುವ ದೂರವಾಣಿಯೇ ಕ್ಯಾಮೆರಾ ಆಗಿದೆ. ಒಂದು ಮದುವೆಯ ದಿನದಲ್ಲಿ ಸಾವಿರಾರು ಚಿತ್ರಗಳು ಹುಟ್ಟುತ್ತವೆ. ಹೀಗಿರುವಾಗ ಚಿತ್ರಗಳನ್ನು ನೋಡುವುದಕ್ಕಾಗಿ ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಬೇಕೆ ಎಂಬ ಸಂದೇಹ ಬರಬಹುದು. ಅಂಗೈಯಗಲದ ಪರದೆಯ ಮೇಲೆ ಬೆರಳಿನ ಸೋಕಿಗೆ ಜಾರಿಹೋಗುವ ಚಿತ್ರಕ್ಕೂ ಗೋಡೆಯ ಮೇಲೆ ಸ್ಥಿರವಾಗಿ ನಿಂತಿರುವ ಚಿತ್ರಕ್ಕೂ ಬಹಳ ವ್ಯತ್ಯಾಸವಿದೆ. ಪ್ರದರ್ಶನದಲ್ಲಿ ಚಿತ್ರದ ನಿಜವಾದ ಅಳತೆ ತಿಳಿಯುತ್ತದೆ. ಕಾಗದದ ಬಣ್ಣ, ಅದರ ಮೇಲ್ಮೈಯ ನುಣುಪು, ಅಂಚಿನಲ್ಲಿ ಯಾರೋ ಬರೆದಿಟ್ಟ ಅಕ್ಷರ ಇವೆಲ್ಲ ಕಾಣುತ್ತವೆ. ಮಿಗಿಲಾಗಿ, ಅಲ್ಲಿ ಚಿತ್ರವು ಚಲಿಸುವುದಿಲ್ಲ, ಚಲಿಸಬೇಕಾದವನು ನೋಡುಗನು. ಅವನು ಹತ್ತಿರ ಹೋಗಬಹುದು, ಹಿಂದೆ ಸರಿಯಬಹುದು, ಒಂದನ್ನು ನೋಡಿ ಮತ್ತೆ ಹಿಂದಿನದಕ್ಕೆ ಮರಳಬಹುದು.

ಕರ್ನಾಟಕದಲ್ಲಿ ಇಂತಹ ಪ್ರದರ್ಶನಗಳನ್ನು ನೋಡಲು ಅವಕಾಶಗಳುಂಟು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1865ರಷ್ಟು ಹಿಂದೆ ಸ್ಥಾಪನೆಗೊಂಡ ಸರ್ಕಾರಿ ವಸ್ತುಸಂಗ್ರಹಾಲಯವೂ, ಕಲಾವಿದ ಕೆ. ವೆಂಕಟಪ್ಪನವರ ಹೆಸರಿನ ಚಿತ್ರಶಾಲೆಯೂ, ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವೂ ನೆರೆಹೊರೆಯಲ್ಲಿವೆ. ಅದೇ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ಕಲೆ ಮತ್ತು ಛಾಯಾಗ್ರಹಣಗಳಿಗಾಗಿಯೇ ಮೀಸಲಾದ ಹೊಸ ವಸ್ತುಸಂಗ್ರಹಾಲಯವೊಂದು ಸಾರ್ವಜನಿಕರಿಗೆ ತೆರೆಯಿತು. ಜನರು ಇದನ್ನು 'ಮ್ಯಾಪ್' ಎಂಬ ಚಿಕ್ಕ ಹೆಸರಿನಿಂದ ಕರೆಯುತ್ತಾರೆ. ಉಕ್ಕಿನ ಫಲಕಗಳನ್ನು ಹೊದ್ದ ಇದರ ಹೊರಗೋಡೆಯು ಹಳೆಯ ಕಾಲದ ನೀರಿನ ತೊಟ್ಟಿಯನ್ನು ನೆನಪಿಗೆ ತರುತ್ತದೆ. ತೊಟ್ಟಿಯು ನೀರನ್ನು ಕೂಡಿಡುವಂತೆ ಈ ಮನೆಯು ಚಿತ್ರಗಳನ್ನು ಕೂಡಿಡುತ್ತದೆ. ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿಯೂ, ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿಯೂ ಚಿತ್ರಕಲೆಯೊಡನೆ ಛಾಯಾಚಿತ್ರಗಳ ಪ್ರದರ್ಶನಗಳು ನಡೆಯುತ್ತವೆ.

ಪ್ರದರ್ಶನಗಳ ಉದ್ದೇಶವು ಒಂದೇ ಬಗೆಯದಲ್ಲ. ಕೆಲವು ಮನುಷ್ಯರ ಬದುಕನ್ನು ತೋರಿಸುತ್ತವೆ. ಮೈಸೂರಿನಲ್ಲಿ ಜನಿಸಿದ ಟಿ. ಎಸ್. ಸತ್ಯನ್ (1923-2009) ಅವರು ಪತ್ರಿಕಾ ಛಾಯಾಗ್ರಾಹಕರಾಗಿ ದೇಶವಿಡೀ ಸಂಚರಿಸಿದರು. ಅವರ ಕ್ಯಾಮೆರಾ ಅಧಿಕಾರದ ಸಮಾರಂಭಗಳಿಗಿಂತ ಹೆಚ್ಚಾಗಿ ಸಾಮಾನ್ಯ ಜನರ ಕಡೆಗೆ ತಿರುಗಿತು. ದುಡಿಯುವವರು, ತಾಯಂದಿರು, ಆಟದಲ್ಲಿ ಮೈಮರೆತ ಮಕ್ಕಳು ಅವರ ಚಿತ್ರಗಳ ನಾಯಕರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶಿತವಾದವು. ನಮ್ಮ ಹಳ್ಳಿಯ ಹುಡುಗರ ನಗೆಯನ್ನು ಅರ್ಥಮಾಡಿಕೊಳ್ಳಲು ಅಲ್ಲಿಗೆ ಬಂದ ಪರದೇಶದವರಿಗೆ ಭಾಷಾಂತರಕಾರನ ಅಗತ್ಯವಿರಲಿಲ್ಲ. ಬೆಂಗಳೂರಿನ 'ಮ್ಯಾಪ್'ನಲ್ಲಿಯೂ ಸತ್ಯನ್ನರ ಚಿತ್ರಗಳ ಪ್ರದರ್ಶನ ನಡೆದಿದೆ.

ಮತ್ತೆ ಕೆಲವು ಪ್ರದರ್ಶನಗಳು ಅಳಿಯುತ್ತಿರುವ ಕಲೆಗಳ ಪರಿಚಯವನ್ನು ಮಾಡಿಕೊಡುತ್ತವೆ. 1934ರಲ್ಲಿ ಗುಜರಾತಿನಲ್ಲಿ ಜನಿಸಿದ ಜ್ಯೋತಿ ಭಟ್ಟರು ಮೂಲತಃ ಚಿತ್ರಕಾರರು. 1960ರ ದಶಕದ ಉತ್ತರಾರ್ಧದಿಂದ ಅವರು ಹಳ್ಳಿಗಳಿಗೆ ಹೋಗಿ, ಹೆಂಗಸರು ಮನೆಯ ಗೋಡೆಗಳ ಮೇಲೆ ಬರೆಯುವ ಚಿತ್ತಾರಗಳನ್ನೂ ಅಂಗಳದ ರಂಗೋಲಿಗಳನ್ನೂ ಛಾಯಾಚಿತ್ರಗಳಲ್ಲಿ ಹಿಡಿದಿಡತೊಡಗಿದರು. ರಂಗೋಲಿಯ ಆಯುಷ್ಯ ಒಂದು ದಿನದ್ದು. ಮಣ್ಣಿನ ಗೋಡೆಯ ಚಿತ್ತಾರವು ಮುಂದಿನ ಸಾರಣೆಯವರೆಗಿನದು. ಆ ಮನೆಗಳೇ ಬದಲಾಗುತ್ತಿದ್ದಾಗ ಅವುಗಳ ಚೆಲುವನ್ನು ಭಟ್ಟರ ಕ್ಯಾಮೆರಾ ಉಳಿಸಿತು. 2023ರಲ್ಲಿ 'ಮ್ಯಾಪ್' ತೆರೆದಾಗ ಏರ್ಪಟ್ಟ ಮೊದಲ ಪ್ರದರ್ಶನಗಳಲ್ಲಿ ಅವರ ಛಾಯಾಚಿತ್ರಗಳ ಪ್ರದರ್ಶನವೂ ಒಂದಾಗಿತ್ತು.

ಇನ್ನು ಕೆಲವು ಪ್ರದರ್ಶನಗಳು ನಿಸರ್ಗಕ್ಕೆ ಮೀಸಲು. ಕರ್ನಾಟಕದಲ್ಲಿ ವನ್ಯಜೀವಿ ಛಾಯಾಗ್ರಹಣದ ಪರಂಪರೆ ಗಟ್ಟಿಯಾಗಿದೆ. ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಮೊದಲಾದವರು ಈ ಕ್ಷೇತ್ರದಲ್ಲಿ ಹೆಸರಾದವರು. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಸುತ್ತಿನ ಹಕ್ಕಿಗಳನ್ನು ತಾಳ್ಮೆಯಿಂದ ಕಾದು ತೆಗೆದ ಚಿತ್ರಗಳೂ ಪ್ರದರ್ಶನಗಳಲ್ಲಿ ಜನರ ಮೆಚ್ಚುಗೆಯನ್ನು ಪಡೆದಿವೆ. ಫಿಲ್ಮಿನ ಸುರುಳಿಯಲ್ಲಿ ಸಾಮಾನ್ಯವಾಗಿ ಮೂವತ್ತಾರು ಚಿತ್ರಗಳಿಗೆ ಮಾತ್ರ ಅವಕಾಶವಿದ್ದ ಕಾಲ ಅದು. ಮರೆಯಲ್ಲಿ ಗಂಟೆಗಟ್ಟಲೆ ಕುಳಿತು, ಹಕ್ಕಿಯು ಗೂಡಿಗೆ ಮರಳುವ ಒಂದು ಕ್ಷಣಕ್ಕಾಗಿ ಉಸಿರು ಬಿಗಿಹಿಡಿದು ಕಾಯಬೇಕಾಗುತ್ತಿತ್ತು. ಅಂತಹ ಚಿತ್ರದ ಮುಂದೆ ನಿಂತವನಿಗೆ ಹಕ್ಕಿಯ ಬಣ್ಣದ ಜೊತೆಗೆ ಕಾದವನ ತಾಳ್ಮೆಯೂ ಕಾಣಬೇಕು.

ಪ್ರದರ್ಶನದ ಕೋಣೆಯನ್ನು ಮೊದಲ ಬಾರಿಗೆ ಹೊಕ್ಕವರಿಗೆ ಅಲ್ಲಿಯ ಮಂದವಾದ ಬೆಳಕು ವಿಚಿತ್ರವೆನಿಸಬಹುದು. ಇದಕ್ಕೆ ತಕ್ಕ ಕಾರಣವಿದೆ. ಛಾಯಾಚಿತ್ರವನ್ನು ಹುಟ್ಟಿಸಿದ ಬೆಳಕೇ ಅದರ ಶತ್ರುವೂ ಆಗಿದೆ. ಹೆಚ್ಚು ಬೆಳಕು ಬಿದ್ದಂತೆಲ್ಲ ಹಳೆಯ ಚಿತ್ರಗಳು ಹಳದಿಗೆ ತಿರುಗಿ ಮಸುಕಾಗುತ್ತವೆ. ವರ್ಣಚಿತ್ರಗಳ ಬಣ್ಣಗಳು ಮಾಸುತ್ತವೆ. ಬೆಳಕಿನ ಪ್ರಮಾಣವನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ಒಂದು ಮೇಣದಬತ್ತಿಯು ಒಂದು ಮೀಟರ್ ದೂರದಲ್ಲಿರುವ ವಸ್ತುವಿನ ಮೇಲೆ ಬೀರುವ ಬೆಳಕು ಸುಮಾರು ಒಂದು ಲಕ್ಸ್. ನಡುಹಗಲಿನ ಬಿಸಿಲು ಲಕ್ಷ ಲಕ್ಸ್‌ಗಳವರೆಗೂ ಏರಬಲ್ಲದು. ನಾಜೂಕಾದ ಹಳೆಯ ಛಾಯಾಚಿತ್ರಗಳಿಗೆ ಸಂಗ್ರಹಾಲಯಗಳು ಸಾಮಾನ್ಯವಾಗಿ ಕೊಡುವುದು ಸುಮಾರು 50 ಲಕ್ಸ್ ಮಾತ್ರ. ಕೆಲವು ತಿಂಗಳುಗಳ ಪ್ರದರ್ಶನದ ಬಳಿಕ ಅವುಗಳನ್ನು ಇಳಿಸಿ ಕತ್ತಲೆಯ, ತಂಪಾದ, ತೇವವಿಲ್ಲದ ಕೋಣೆಯಲ್ಲಿ ವಿಶ್ರಾಂತಿಗೆ ಇಡುತ್ತಾರೆ. ಕ್ಯಾಮೆರಾದ ಮಿಂಚುದೀಪವನ್ನು ಅಲ್ಲಿ ನಿಷೇಧಿಸುವುದು ಚಿತ್ರಗಳ ರಕ್ಷಣೆಗಾಗಿ ಮತ್ತು ಇತರರಿಗೆ ತೊಂದರೆಯಾಗದಿರಲೆಂದು. ಇದನ್ನು ಅರಿತವನು ಮಂದ ಬೆಳಕಿಗೆ ಕಣ್ಣು ಹೊಂದುವವರೆಗೆ ಒಂದೆರಡು ನಿಮಿಷ ಸುಮ್ಮನೆ ನಿಲ್ಲುತ್ತಾನೆ.

ಪ್ರದರ್ಶನವನ್ನು ನೋಡುವುದಕ್ಕೂ ಒಂದು ಕ್ರಮವುಂಟು. ನೂರು ಚಿತ್ರಗಳನ್ನು ಓಡೋಡುತ್ತ ನೋಡುವುದಕ್ಕಿಂತ ಹತ್ತನ್ನು ನಿಧಾನವಾಗಿ ನೋಡುವುದು ಮೇಲು. ಮೊದಲು ಪಕ್ಕದ ವಿವರಣೆಯ ಚೀಟಿಯನ್ನು ಓದದೆ ಚಿತ್ರವನ್ನೇ ದಿಟ್ಟಿಸಬೇಕು. ಏನೇನು ಕಾಣುತ್ತಿದೆ, ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ, ಚಿತ್ರ ತೆಗೆದವನು ಎಲ್ಲಿ ನಿಂತಿದ್ದಿರಬೇಕು ಎಂದು ಆಲೋಚಿಸಬೇಕು. ಆಮೇಲೆ ಚೀಟಿಯನ್ನು ಓದಿ, ತೆಗೆದವನ ಹೆಸರು, ವರ್ಷ, ಸ್ಥಳ, ವಿಧಾನಗಳನ್ನು ತಿಳಿದು, ಮತ್ತೊಮ್ಮೆ ಚಿತ್ರವನ್ನು ನೋಡಬೇಕು. ಮೊದಲು ಕಾಣದೆ ಇದ್ದ ಎಷ್ಟೋ ಸಂಗತಿಗಳು ಆಗ ಕಾಣತೊಡಗುತ್ತವೆ.

ಛಾಯಾಚಿತ್ರವು ಸಾಕ್ಷಿಯೆಂಬುದು ನಿಜ. ಆದರೆ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸದೆ ನ್ಯಾಯಾಧೀಶನು ತೀರ್ಪು ಕೊಡುವುದಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡಬೇಕೆಂಬ ಗಾದೆಯು ಇಲ್ಲಿಗೆ ಒಪ್ಪುತ್ತದೆ. ದಗೇರನು 1838ರಲ್ಲಿ ಪ್ಯಾರಿಸ್ ನಗರದ ಗದ್ದಲದ ಬೀದಿಯೊಂದರ ಚಿತ್ರವನ್ನು ತೆಗೆದನು. ಚಿತ್ರದಲ್ಲಾದರೋ ಬೀದಿಯು ನಿರ್ಜನವಾಗಿ ಕಾಣುತ್ತದೆ. ಫಲಕವು ಹಲವು ನಿಮಿಷಗಳ ಕಾಲ ಬೆಳಕಿಗೆ ತೆರೆದಿರಬೇಕಾಗಿದ್ದುದರಿಂದ, ಚಲಿಸುತ್ತಿದ್ದ ಜನರೂ ಬಂಡಿಗಳೂ ಅದರಲ್ಲಿ ಮೂಡಲೇ ಇಲ್ಲ. ಬೂಟುಗಳಿಗೆ ಹೊಳಪು ಹಾಕಿಸಿಕೊಳ್ಳುತ್ತ ಒಂದೆಡೆ ನಿಂತಿದ್ದವನ ಆಕೃತಿ ಮಾತ್ರ ಸ್ಪಷ್ಟವಾಗಿ ಉಳಿಯಿತು. ಹಳೆಯ ಚಿತ್ರವೊಂದರಲ್ಲಿ ದೇವಾಲಯದ ಬೀದಿ ಬರಿದಾಗಿ ಕಂಡಾಗ, ಅಲ್ಲಿ ಜನರೇ ಇರಲಿಲ್ಲವೆಂದು ಅವಸರದಲ್ಲಿ ತೀರ್ಮಾನಿಸಬಾರದು. ಅವರನ್ನು ಹಿಡಿಯುವ ಶಕ್ತಿ ಆಗಿನ ಕ್ಯಾಮೆರಾಕ್ಕೆ ಇರಲಿಲ್ಲವೆಂಬ ಸಾಧ್ಯತೆಯನ್ನೂ ನೆನೆಯಬೇಕು.

ಕ್ಯಾಮೆರಾದ ಮಿತಿಯಂತೆ ಕ್ಯಾಮೆರಾ ಹಿಡಿದವನ ದೃಷ್ಟಿಯೂ ಚಿತ್ರದಲ್ಲಿ ಸೇರಿರುತ್ತದೆ. ಬ್ರಿಟಿಷರ ಆಳ್ವಿಕೆಯಲ್ಲಿ, 1868ರಿಂದ 1875ರವರೆಗೆ, ಭಾರತದ ಜನರನ್ನು ಕುರಿತ ಛಾಯಾಚಿತ್ರಗಳ 8 ಸಂಪುಟಗಳು ಪ್ರಕಟವಾದವು. ಅವುಗಳಲ್ಲಿ ಜನರನ್ನು ಜಾತಿ ಬುಡಕಟ್ಟುಗಳ ಮಾದರಿಗಳೆಂಬಂತೆ ವಿಂಗಡಿಸಿ ತೋರಿಸಲಾಗಿದೆ. ಮುಖಗಳಿವೆ; ಆದರೆ ಎಷ್ಟೋ ಮುಖಗಳಿಗೆ ಹೆಸರಿಲ್ಲ. ಆ ಸಂಪುಟಗಳ ಚಿತ್ರವೊಂದನ್ನೂ ಸತ್ಯನ್ನರ ಚಿತ್ರವೊಂದನ್ನೂ ಹೋಲಿಸಿದರೆ, ಎರಡರಲ್ಲಿಯೂ ಇರುವವರು ಈ ನಾಡಿನ ಸಾಮಾನ್ಯ ಜನರೇ. ಒಂದು ಕಡೆ ಅವರು ಎಣಿಕೆಯ ವಸ್ತುಗಳು. ಇನ್ನೊಂದು ಕಡೆ ಸುಖದುಃಖಗಳುಳ್ಳ ಮನುಷ್ಯರು. ಈ ಭೇದವನ್ನು ಗುರುತಿಸುವ ಕಣ್ಣು ಬೆಳೆದರೆ ಪ್ರದರ್ಶನವನ್ನು ನೋಡಿದುದು ಸಾರ್ಥಕವಾಗುತ್ತದೆ. ಯಂತ್ರದ ನೆರವಿನಿಂದ ಇಲ್ಲದುದನ್ನು ಇರುವಂತೆ ತೋರಿಸುವ ಚಿತ್ರಗಳು ಹೆಚ್ಚುತ್ತಿರುವ ಇಂದಿನ ದಿನಗಳಲ್ಲಿ, ಯಾರು ತೆಗೆದರು, ಎಂದು ತೆಗೆದರು, ಏನನ್ನು ಬಿಟ್ಟರು ಎಂದು ಕೇಳುವ ಅಭ್ಯಾಸವು ಪ್ರತಿಯೊಬ್ಬ ನಾಗರಿಕನಿಗೂ ಅವಶ್ಯಕ.

ಸಂಗ್ರಹಾಲಯಗಳು ರಕ್ಷಿಸುವುದು ಉಳಿದುಬಂದುದನ್ನು ಮಾತ್ರ. ಉಳಿಸುವ ಕೆಲಸವು ಅದಕ್ಕೂ ಮೊದಲೇ, ಮನೆಗಳಲ್ಲಿ ಆರಂಭವಾಗಬೇಕು. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಯಿತು. ಅರಮನೆಯಾದುದರಿಂದ ಅದರ ಛಾಯಾಚಿತ್ರಗಳು ಉಳಿದಿವೆ. ಸಾಮಾನ್ಯರ ಮನೆಗಳಿಗೂ, ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರುಗಳಿಗೂ ಇರಬಹುದಾದ ಚಿತ್ರಗಳು ಯಾವುದೋ ಪೆಟ್ಟಿಗೆಯ ತಳದಲ್ಲಿ ತೇವಕ್ಕೆ ಅಂಟಿಕೊಂಡು, ಬೂಷ್ಟು ಹಿಡಿದು, ಗೆದ್ದಲಿಗೆ ಆಹಾರವಾಗುತ್ತವೆ. ಹಾಳಾಗದೆ ಉಳಿದವುಗಳಲ್ಲಿಯೂ ಎಷ್ಟೋ ಚಿತ್ರಗಳು ಮೂಕವಾಗಿರುತ್ತವೆ. ಅದರಲ್ಲಿರುವವರು ಯಾರೆಂದು ಹೇಳಬಲ್ಲ ಅಜ್ಜಿಯು ತೀರಿಕೊಂಡ ಮೇಲೆ ಆ ಮುಖಗಳನ್ನು ಗುರುತಿಸುವವರೇ ಇರುವುದಿಲ್ಲ.

ಇದನ್ನು ತಪ್ಪಿಸಲು ಹಣವಾಗಲಿ ಪಾಂಡಿತ್ಯವಾಗಲಿ ಬೇಕಾಗಿಲ್ಲ. ಹಿರಿಯರ ಬಳಿ ಕುಳಿತು, ಹಳೆಯ ಚಿತ್ರದಲ್ಲಿರುವವರ ಹೆಸರು, ಊರು, ವರ್ಷ, ಸಂದರ್ಭಗಳನ್ನು ಕೇಳಿ, ಮೆತ್ತನೆಯ ಸೀಸದಕಡ್ಡಿಯಿಂದ ಚಿತ್ರದ ಹಿಂಬದಿಯ ಅಂಚಿನಲ್ಲಿ ಒತ್ತದೆ ಬರೆದಿಟ್ಟರೆ ಸಾಕು. ಚಿತ್ರಗಳನ್ನು ಅಂಚಿನಲ್ಲಿ ಹಿಡಿಯುವುದು, ಗೋಂದು ಅಥವಾ ಅಂಟುಪಟ್ಟಿಗಳನ್ನು ಹಚ್ಚದಿರುವುದು, ತೇವವಿಲ್ಲದ ಕಡೆ ಕಾಗದದ ಲಕೋಟೆಗಳಲ್ಲಿ ಬೇರೆಬೇರೆಯಾಗಿ ಇಡುವುದು ಇವು ಯಾವ ಮನೆಯಲ್ಲಿಯೂ ಪಾಲಿಸಬಹುದಾದ ನಿಯಮಗಳು. ಇಂತಹ ಚಿತ್ರಗಳನ್ನು ಕೂಡಿಸಿ ಶಾಲೆಯ ಕೊಠಡಿಯೊಂದರಲ್ಲಿ ಊರಿನ ಕೆರೆ, ಸಂತೆ, ಜಾತ್ರೆ, ಸುಗ್ಗಿಗಳ ಪ್ರದರ್ಶನವನ್ನು ಏರ್ಪಡಿಸಿದರೆ, ಆ ಊರಿನ ಮಟ್ಟಿಗೆ ಅದು ಯಾವ ದೊಡ್ಡ ಸಂಗ್ರಹಾಲಯದ ಪ್ರದರ್ಶನಕ್ಕೂ ಕಡಿಮೆಯಾದುದಲ್ಲ.

ಹಂಪಿಯ ರಥದ ಮುಂದೆ ಗ್ರೀನ್ಲಾ ಕ್ಯಾಮೆರಾವನ್ನು ಇಟ್ಟಾಗ, ಅದರ ಮೇಲಿನ ಶಿಖರ ಮುಂದೆ ಇಲ್ಲವಾಗುವುದೆಂದು ಅವನಿಗೆ ತಿಳಿದಿರಲಾರದು. ಕಣ್ಣೆದುರಿಗೆ ಇದ್ದುದನ್ನು ಇದ್ದಂತೆ ಅವನು ಕಾಗದದಲ್ಲಿ ಹಿಡಿದನು; ಆ ಕಾಗದ ಹಾಳಾಗದೆ ಉಳಿಯಿತು; ಅದನ್ನು ಗಮನವಿಟ್ಟು ನೋಡುವವರು ಮುಂದೆ ಹುಟ್ಟಿಬಂದರು. ತೆಗೆಯುವವರು, ಕಾಪಾಡುವವರು, ನೋಡುವವರು ಈ ಮೂವರು ಕೂಡಿದಾಗ ಮಾತ್ರ ಬೆಳಕಿನ ಸಾಕ್ಷ್ಯವು ಪೂರ್ಣವಾಗುತ್ತದೆ. ಇವರಲ್ಲಿ ಒಬ್ಬರು ತಪ್ಪಿದರೂ ಆ ಶಿಖರವು ಎರಡನೆಯ ಬಾರಿ ಅಳಿದುಹೋಗುತ್ತಿತ್ತು.